ಓದಿ ಹೇಳದೆ ಅಚ್ಚಿಗಿಲ್ಲ

ತೆಕ್ ಎರಡನೇ ನಾಣ್ಯಕ್ಕಾಗಿ ಪ್ಯಾಂಟಿನ ಜೇಬುಗಳನ್ನೆಲ್ಲ ತಡಕುತ್ತಿದ್ದಾಗ, ನೆಲದ ಮೇಲೆ ಕೂತು ಸತ್ತವಳಿಗಾಗಿ ಕಾಗದದ ತಾವರೆ ಮಡಿಸುತ್ತಿದ್ದ ಗಿಮ್ ಅಜ್ಜಿ ತಲೆ ಎತ್ತದೆಯೇ ಬೈದಳು.

"ಜೇಬಲ್ಲಿ ಏನೋ ಹುಡುಕ್ತೀಯ? ನಾಣ್ಯ ಅಲ್ಲೇ ತಟ್ಟೇಲಿ ಬಿದ್ದಿದೆ. ಇಷ್ಟು ದಿನ ಅನ್ನ ಇಟ್ಟು, ಊಟ ಆಯ್ತೇನೇ ಅಂತ ಅದರಲ್ಲೇ ಕೇಳ್ತಿದೀವಿ. ಅವಳಿಗೂ ಅದೇ ರೂಢಿ ಆಗಿದೆ."

"ಬೇರೆ ನಾಣ್ಯಕ್ಕೆ ಉತ್ತರ ಕೊಡಲ್ವಾ ಅಜ್ಜಿ?"

"ಗುರುತಿಲ್ಲದೋರ ಹತ್ರಾನೂ ಮಾತಾಡೋಳು. ಗುರುತಿಲ್ಲದ ನಾಣ್ಯದ ಸಂಗತಿ ನಂಗೊತ್ತಿಲ್ಲಪ್ಪ."

ಶವದ ಪೆಟ್ಟಿಗೆ ಇನ್ನೂ ತೆರೆದಿತ್ತು. ಖೋ ಬಿಹುನ್ ಕನ್ನಡಕ ಹಾಕಿಕೊಂಡೇ ಮಲಗಿದ್ದಳು. ಸುಡುವಾಗ ಗಾಜು ಸಿಡಿಯುತ್ತದೆ, ತೆಗೆಯಿರಿ ಎಂದು ಪುರೋಹಿತ ಹೇಳಿದ್ದ. ಅವಳ ತಮ್ಮ ಬುನ್‌ಹ್ಯಾಂಗ್ ಒಪ್ಪಿರಲಿಲ್ಲ. ಮುಚ್ಚಳ ಹಾಕುವ ಗಳಿಗೆಯಲ್ಲಿ ತೆಗೆಯುವುದೆಂದು ಕೊನೆಗೆ ರಾಜಿಯಾಗಿತ್ತು. ಹೀಗಾಗಿ ಅವಳು ಈಗಲೂ ಯಾವುದೋ ಕರಡನ್ನು ಓದುತ್ತ ಕಣ್ಣು ಮುಚ್ಚಿದವಳಂತೆ ಕಾಣುತ್ತಿದ್ದಳು.

ತೆಕ್‌ನ ಕೈಯಲ್ಲಿ ಒಂದು ಹಾಳೆಯಿತ್ತು. 'ಬಂದರಿನ ಮಾತು' ಪತ್ರಿಕೆಯ ಮೊದಲ ಪುಟಕ್ಕೆ ಅವನು ಬರೆದ ಅವಳ ನಿಧನ ವಾರ್ತೆ. ಪತ್ರಿಕೆ ಸಂಜೆ ಅಚ್ಚಿಗೆ ಹೋಗಬೇಕು. ಪೆಟ್ಟಿಗೆಯನ್ನು ಮಧ್ಯಾಹ್ನ ಮುಚ್ಚುತ್ತಾರೆ. ಅಷ್ಟರೊಳಗೆ ಇದನ್ನು ಅವಳಿಗೆ ಓದಿ ಹೇಳಿ ಒಪ್ಪಿಸಬೇಕು. ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ಓದಿ ಹೇಳದೆ ಒಂದು ಸಾಲೂ ಅಚ್ಚಿಗೆ ಹೋಗಕೂಡದು. ಇದು ಅವಳೇ ಮಾಡಿದ ನಿಯಮ. ಸತ್ತವರಿಗೆ ವಿನಾಯಿತಿ ಉಂಟೆಂದು ಅವಳು ಯಾವತ್ತೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ದಿನ ಅವಳೇ ಕೇಳಿದ್ದಳು: "ನಂದು ಬರೆದಾಯ್ತಾ? ಓದು ನೋಡೋಣ." ಇನ್ನೂ ಬರೆದಿಲ್ಲ ಅಕ್ಕ, ಎಂದಿದ್ದ. ನಿಜವೇ. ಉಸಿರಾಡುತ್ತಿರುವವಳ ನಿಧನ ವಾರ್ತೆ ಬರೆಯಲು ಅವನಿಗೆ ಕೈ ಬಂದಿರಲಿಲ್ಲ.

ನಾಣ್ಯಕ್ಕೆ ಏನೂ ಗೊತ್ತಿರುವುದಿಲ್ಲ ಎಂಬುದು ತೆಕ್‌ಗೆ ಗೊತ್ತಿತ್ತು. ಅವನು ತೈಪೆಯ ದಿನಪತ್ರಿಕೆಯೊಂದರಲ್ಲಿ ಹತ್ತು ವರ್ಷ ದುಡಿದು ಬಂದವನು. ಆದರೂ ಒಪ್ಪಿಗೆಯಿಲ್ಲದ ಹಾಳೆಯನ್ನು ಮುದ್ರಣಾಲಯಕ್ಕೆ ಒಯ್ಯಲು ಅವನಿಂದ ಆಗುವಂತಿರಲಿಲ್ಲ. ಸತ್ತವರ ಒಪ್ಪಿಗೆ ಕೇಳಲು ಈ ಬಂದರೂರು ಚಿಮ್‌ಕಂಗ್‌ನಲ್ಲಿ ಇದ್ದದ್ದು ಇದೊಂದೇ ದಾರಿ. ಎರಡು ನಾಣ್ಯಗಳಲ್ಲಿ ಒಂದು ಮುಖ, ಒಂದು ಅಂಕಿ ಮೇಲಾಗಿ ಬಿದ್ದರೆ ಹೌದು. ಎರಡೂ ಅಂಕಿಯಾದರೆ ಇಲ್ಲ. ಎರಡೂ ಮುಖವಾದರೆ ಸತ್ತವರು ನಗುತ್ತಿದ್ದಾರೆ ಎಂದರ್ಥ. ಉತ್ತರ ಕೊಟ್ಟಿಲ್ಲ, ಮತ್ತೆ ಕೇಳಬೇಕು.

ಅವನು ಮಂಡಿಯೂರಿ, ಗಂಟಲು ಸರಿಮಾಡಿಕೊಂಡು ಓದಿದ.

"ಈ ಪತ್ರಿಕೆಯ ಸ್ಥಾಪಕ ಸಂಪಾದಕಿ ಖೋ ಬಿಹುನ್ ಚಿಮ್‌ಕಂಗ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರಿಗೆ ಐವತ್ತೆಂಟು ವರ್ಷ. ಬಾಯಿಲ್ಲದವರಿಗೆ ಬಾಯಾಗಿದ್ದ ಅವರು..."

ಪೂರ್ತಿ ಓದಿ ಮುಗಿಸಿ, ನಾಣ್ಯಗಳನ್ನು ಅಂಗೈಯಲ್ಲಿ ಕುಲುಕಿ ಚಾಪೆಯ ಮೇಲೆ ಬಿಟ್ಟ.

ಎರಡೂ ಮುಖ.

"ನಗ್ತಿದಾಳೆ!" ಎಂದಳು ಗಿಮ್ ಅಜ್ಜಿ. ತಾವರೆ ಮಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. "ಏನು ಬರೆದಿದೀಯೋ, ಅವಳು ಸತ್ತ ಮೇಲೂ ನಗೋ ಹಾಗೆ?"

*

ಆ ನಿಯಮ ಹುಟ್ಟಿದ್ದೇ ಗಿಮ್ ಅಜ್ಜಿಯಿಂದ. ತೆಕ್ ಆಗ ಇನ್ನೂ ತೈಪೆಯಲ್ಲಿದ್ದ. ಕತೆಯನ್ನು ಅವನು ಎಷ್ಟು ಜನರ ಬಾಯಲ್ಲಿ ಕೇಳಿದ್ದನೆಂದರೆ ಕಣ್ಣಾರೆ ಕಂಡಂತೆಯೇ ಆಗಿತ್ತು.

ಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ಬಿಹುನ್ ಸಿಂಪಿ ಒಡೆಯುವ ಹೆಂಗಸರ ಬಗ್ಗೆ ಬರೆದಿದ್ದಳು. ಬಂದರಿನ ಆ ತಗಡಿನ ಮಾಡುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು, ಚಿಪ್ಪು ಬಿಡಿಸಿ, ಬೆರಳು ಸೀಳಿಕೊಳ್ಳುವವರ ಬಗ್ಗೆ ಬೇರೆ ಯಾವ ಪತ್ರಿಕೆಯೂ ಬರೆದಿರಲಿಲ್ಲ. ಊರಿನವರು ಮೆಚ್ಚಿದರು. ಮಾರನೆಯ ದಿನ ಗಿಮ್ ಒಂದು ಚೀಲ ಹಸಿ ಚಿಪ್ಪು ತಂದು ಕಚೇರಿಯ ಹೊಸ್ತಿಲ ಮೇಲೆ ಸುರಿದಳು.

"ಬಡ ವಿಧವೆ ಅಂತ ಬರೆದಿದೀಯಲ್ಲ, ಯಾರೇ ವಿಧವೆ? ನನ್ನ ಗಂಡ ದೂರದ ಹಡಗಲ್ಲಿದಾನೆ. ಇವತ್ತೋ ನಾಳೆಯೋ ಬರ್ತಾನೆ. ನೀನು ಅವನನ್ನ ಸಾಯಿಸಿ ಪೇಪರಲ್ಲಿ ಹಾಕಿದೀಯ!"

"ಪಕ್ಕದೋರು ಹೇಳಿದ್ರು..."

"ಪಕ್ಕದೋಳು ನನ್ನ ಮನೇಲಿ ಮಲಗ್ತಾಳಾ? ನನ್ನ ಬಗ್ಗೆ ಬರೆಯೋಕೆ ಮುಂಚೆ ನನಗೆ ಹೇಳಬಾರದಾ? ನನಗೆ ಓದಕ್ಕೆ ಬರಲ್ಲ ಅಂದ್ರೆ ಕೇಳಕ್ಕೂ ಬರಲ್ವಾ?"

ಬಿಹುನ್ ಚಿಪ್ಪುಗಳನ್ನು ಗುಡಿಸಲಿಲ್ಲ. ಮುಂದಿನ ಸಂಚಿಕೆ ಹೊರಡುವವರೆಗೆ ಅವು ಹೊಸ್ತಿಲಲ್ಲೇ ನಾರುತ್ತ ಬಿದ್ದಿದ್ದವು. ಬಂದವರೆಲ್ಲ ದಾಟಿಕೊಂಡೇ ಒಳಗೆ ಬರಬೇಕಿತ್ತು. ಆ ಸಂಚಿಕೆಯ ಮೊದಲ ಪುಟದಲ್ಲಿ, ಎಲ್ಲ ಸುದ್ದಿಗಿಂತ ಮೇಲೆ, ತಿದ್ದುಪಡಿ ಬಂತು. ಅಂದಿನಿಂದ ಓದಿ ಹೇಳುವುದು ಶುರುವಾಯಿತು: ಮಾರುಕಟ್ಟೆಯಲ್ಲಿ, ದೋಣಿಯ ಅಂಚಿನಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ತಪ್ಪಿದ್ದರೆ ಅಳಿಸುತ್ತಿರಲಿಲ್ಲ. ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕುತ್ತಿದ್ದಳು. ಏನು ತಪ್ಪಿದ್ದೆವು ಎಂಬುದೂ ಓದಲು ಸಿಗಬೇಕು ಎನ್ನುತ್ತಿದ್ದಳು. ಊರಿನ ಮಾತಿನಲ್ಲಿ ಬಿಹುನ್ ಎನ್ನುವಾಗ ರಾಗ ಒಂಚೂರು ಜಾರಿದರೆ ಅಕ್ಕಿ ಶಾವಿಗೆ ಎಂಬ ಅರ್ಥವಾಗುತ್ತದೆ. ಅವಳು ಹಾಳೆ ಹಿಡಿದು ಬರುವುದನ್ನು ಕಂಡರೆ ಮಾರುಕಟ್ಟೆಯ ಹೆಂಗಸರು, "ಶಾವಿಗೆ ಅಕ್ಕ ಬಂದ್ಲು, ಯಾರ ಜಾತಕ ಇವತ್ತು?" ಎಂದು ಕೂಗುತ್ತಿದ್ದರು.

ತೆಕ್ ಸೇರಿದ ಹೊಸತರಲ್ಲಿ ಇದನ್ನು ಒಪ್ಪಿರಲಿಲ್ಲ.

"ಅಕ್ಕ, ಅಚ್ಚಾಗೋ ಮುಂಚೆ ತೋರಿಸಿದ್ರೆ ಎಲ್ಲರೂ ತಮಗೆ ಬೇಕಾದ ಹಾಗೆ ಬದಲಾಯಿಸು ಅಂತಾರೆ. ಯಾವ ಪತ್ರಿಕೇಲೂ ಹೀಗೆ ಮಾಡಲ್ಲ."

"ಸಂಗತಿ ತಪ್ಪಿದ್ರೆ ಬದಲಾಯಿಸ್ತೀನಿ. ಇಷ್ಟ ಇಲ್ಲ ಅಂದ್ರೆ, ಇಷ್ಟ ಇಲ್ಲ ಅಂದ್ರು ಅಂತಾನೂ ಬರೀತೀನಿ."

"ಕಾರ್ಖಾನೆಯವರಿಗೂ ಓದಿ ಹೇಳ್ತೀಯಾ?"

"ಅವರೇನು ಮನುಷ್ಯರಲ್ವಾ?"

ಆ ವರ್ಷ ಸಿಂಪಿಗಳು ಹಸಿರಿಗೆ ತಿರುಗಿದ್ದವು. ತೊರೆಯ ಮೇಲ್ಭಾಗದಲ್ಲಿ ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಯೊಂದಿತ್ತು. ತೊರೆಗೆ ನಮ್ಮ ಕೊಳಕು ನೀರಿನ ಒಂದು ಹನಿಯೂ ಬರುವುದಿಲ್ಲ, ಕೊಳವೆಯೇ ಇಲ್ಲ ಎಂದು ಕಾರ್ಖಾನೆ ಬರೆದುಕೊಟ್ಟಿತ್ತು. ಪರಿಸರ ಇಲಾಖೆ ನಂಬಿತ್ತು. ಉತ್ತರದ ಗೋಡೆಯ ಕೆಳಗೆ ಕೊಳವೆಯೊಂದಿದೆ ಎಂದು ಇಬ್ಬರು ಮೀನುಗಾರರು ಹೇಳಿದ್ದನ್ನು ತೆಕ್ ಬರೆದಿದ್ದ. ಬಿಹುನ್ ಅವನನ್ನು ಕರೆದುಕೊಂಡು ಹೋಗಿ, ವ್ಯವಸ್ಥಾಪಕನ ಮೇಜಿನ ಎದುರು ಕೂತು, ಮೆಲ್ಲಗೆ ಓದತೊಡಗಿದಳು. ಅವನು ಚಹಾ ಕುಡಿಯುತ್ತ ಕೇಳಿದ. 'ಉತ್ತರದ ಗೋಡೆ' ಬಂದ ಕೂಡಲೇ ಲೋಟ ಕೆಳಗಿಟ್ಟ.

"ಸುಳ್ಳು! ಶುದ್ಧ ಸುಳ್ಳು! ಉತ್ತರದ್ದು ಮುಚ್ಚಿ ಎರಡು ವರ್ಷ ಆಯ್ತು. ತಿಳ್ಕೊಂಡು ಬರೀರಿ. ಈಗಿರೋದು ದಕ್ಷಿಣದ..."

ಬಾಗಿಲ ಬಳಿ ನಿಂತಿದ್ದ ಗುಮಾಸ್ತ ಕೆಮ್ಮಿದ. ಬಿಹುನ್ ಲೇಖನಿ ತೆಗೆದು, 'ಉತ್ತರ' ಎಂಬುದರ ಮೇಲೆ ಒಂದೇ ಗೆರೆ ಎಳೆದು, 'ದಕ್ಷಿಣ' ಎಂದು ಬರೆದು, ಹಾಳೆಯನ್ನು ಅವನ ಕಡೆ ತಿರುಗಿಸಿದಳು.

"ಈಗ ಸರಿ ಇದೆಯಾ ನೋಡಿ ಸರ್."

ಓದಿ ಹೇಳುವುದರ ಬಗ್ಗೆ ಆಮೇಲೆ ತೆಕ್ ತಕರಾರು ಎತ್ತಲಿಲ್ಲ.

*

"ಇನ್ನೊಂದ್ಸಲ ಓದು," ಎಂದಳು ಗಿಮ್ ಅಜ್ಜಿ. "ಗಟ್ಟಿಯಾಗಿ. ಅವಳ ಜೊತೆ ನಾವೂ ಕೇಳ್ತೀವಿ."

ತೆಕ್ ಓದಿದ. 'ಬಾಯಿಲ್ಲದವರಿಗೆ ಬಾಯಾಗಿದ್ದ' ಎಂಬಲ್ಲಿಗೆ ಬಂದಾಗ ಅಜ್ಜಿ ಕೈ ಎತ್ತಿದಳು.

"ತಡಿ ತಡಿ. ಬಾಯಿಲ್ಲದೋರು ಅಂದ್ರೆ ಯಾರು?"

"ಅಂದ್ರೆ... ನೀವೆಲ್ಲ. ಸಿಂಪಿ ಒಡೆಯೋರು, ದೋಣಿಯೋರು..."

"ನಂಗೆ ಬಾಯಿಲ್ವಾ?"

ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಹೆಂಗಸರ ಸಾಲಿಗೆ ಸಾಲೇ ನಕ್ಕಿತು. ಸಾವಿನ ಮನೆಯಲ್ಲಿ ನಗುತ್ತಿದ್ದೇವೆಂದು ನೆನಪಾದವರು ಬಾಯಿಗೆ ಕಾಗದದ ತಾವರೆ ಅಡ್ಡ ಹಿಡಿದರು.

"ನನ್ನ ಬಾಯಿಗೆ ಹೆದರಿ ಗಂಡ ಹಡಗು ಹತ್ತಿದ. ಹತ್ತಿದೋನು ಏಳು ವರ್ಷ ಇಳೀಲಿಲ್ಲ. ಇಡೀ ಬಂದರಿಗೆ ಗೊತ್ತು. ಅದಕ್ಕೇ ಕಣೋ ಅವಳು ನಗ್ತಿರೋದು. ಬಾಯಿ ನಮ್ಮದೇ ಇತ್ತು. ಬಂದು ಕೂತು ಕೇಳೋರು ಇರ್ಲಿಲ್ಲ ಅಷ್ಟೆ. ತೆಗಿ ಅದನ್ನ."

ತೆಕ್ ಲೇಖನಿ ತೆಗೆದು ಒಂದೇ ಗೆರೆ ಎಳೆದ. ಆ ಸಾಲನ್ನು ಬರೆದಾಗ ಅವನಿಗೆ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಅನ್ನಿಸಿತ್ತು. ಮೇಲೆ ಬರೆಯಲು ಬೇರೇನೂ ಹೊಳೆಯಲಿಲ್ಲ. 'ಅವರು ಓದಿ ಹೇಳುತ್ತಿದ್ದರು' ಎಂದಷ್ಟೇ ಬರೆದ.

ಅಷ್ಟರಲ್ಲಿ ಮನೆ ಮುಂದೆ ಹಾಕಿದ್ದ ಚಪ್ಪರದಿಂದ ಬುನ್‌ಹ್ಯಾಂಗ್ ಒಳಗೆ ಬಂದ. ಬಂದರಿನಲ್ಲಿ ಮಂಜುಗಡ್ಡೆಯ ಕಾರ್ಖಾನೆ ನಡೆಸುವವನು. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವನು. ಪತ್ರಿಕೆ ಮುಳುಗುವಂತಾದಾಗಲೆಲ್ಲ ಬೈಯುತ್ತಲೇ ಎತ್ತಿ ನಿಲ್ಲಿಸಿದವನು.

"ಏನು ನಗು ಇಲ್ಲಿ? ಪುರೋಹಿತರು ಗಡಿಬಿಡಿ ಮಾಡ್ತಿದಾರೆ. ಮುಗೀತಾ ತೆಕ್?"

"ಇನ್ನೊಂದ್ಸಲ ಕೇಳ್ಬೇಕು ಅಣ್ಣ."

ಬುನ್‌ಹ್ಯಾಂಗ್ ಅವನ ಭುಜದ ಮೇಲಿಂದ ಬಗ್ಗಿ ಹಾಳೆ ನೋಡಿದ. ಅವನ ಮುಖ ಗಟ್ಟಿಯಾಯಿತು.

"ಐವತ್ತೆಂಟು ಅಂತ ಯಾಕೆ ಬರೆದಿದೀಯ? ಗಲ್ಲಿ ತುದೀಲಿ ಬೋರ್ಡು ನೋಡ್ಲಿಲ್ವಾ? ಅರವತ್ತೊಂದು."

"ಅದು ಮನೆಯವರ ಪ್ರಕಟಣೆ ಅಣ್ಣ. ಪತ್ರಿಕೇಲಿ..."

"ಪತ್ರಿಕೇಲಿ ಏನು, ಆಕಾಶಕ್ಕೆ ಒಂದು, ಭೂಮಿಗೆ ಒಂದು, ಮನುಷ್ಯರಿಗೆ ಒಂದು. ಸತ್ತೋರಿಗೆ ಮೂರು ವರ್ಷ ಕೂಡಿಸ್ತೀವಿ. ನಿಮ್ಮಪ್ಪನಿಗೂ ಕೂಡಿಸಿರ್ತಾರೆ. ಅರವತ್ತು ದಾಟಿದ್ರೆ 'ದೀರ್ಘಾಯು' ಅಂತ ಬರೆಯೋಕೆ ಬರುತ್ತೆ. ದಾಟದಿದ್ರೆ ಏನು ಬರೀತಾರೆ ಗೊತ್ತಾ? 'ಬದುಕಿದ್ದರು' ಅಂತ. ಅಷ್ಟೇ. ಬದುಕಿದ್ದರು!" ಅವನ ದನಿ ಒಡೆಯಿತು. "ಮದುವೆ ಮಾಡ್ಕೊಳ್ಲಿಲ್ಲ. ಮನೆ ಕಟ್ಟಿಸ್ಕೊಳ್ಲಿಲ್ಲ. ಬೇರೆಯೋರ ಮನೆ ಬಾಗಿಲಲ್ಲಿ ಓದ್ತಾ ಓದ್ತಾ ಹೋದ್ಲು. ಸತ್ತ ಮೇಲಾದ್ರೂ ಮೂರು ವರ್ಷ ಕೊಡ್ತೀನಿ ನಾನು. ಬದಲಾಯಿಸು."

ಚಪ್ಪರದಲ್ಲಿ ಕಹಳೆ ಊದುವವರು ಶ್ರುತಿ ನೋಡಿಕೊಳ್ಳುತ್ತಿದ್ದರು. ತೆಕ್ ಹಾಳೆಯನ್ನೂ ಬುನ್‌ಹ್ಯಾಂಗ್‌ನ ಸೂತಕದ ಒರಟು ಬಟ್ಟೆಯ ತಲೆಪಟ್ಟಿಯನ್ನೂ ನೋಡಿದ. ದುಃಖದಲ್ಲಿರುವವನ ಜೊತೆ ಅಂಕಿಗಾಗಿ ಜಗಳವಾಡುವುದು ಅವನಿಂದಾಗಲಿಲ್ಲ. ಐವತ್ತೆಂಟರ ಮೇಲೆ ಗೆರೆ ಎಳೆದು ಅರವತ್ತೊಂದು ಎಂದು ಬರೆದ. ಸಹಿ ಮಾತ್ರ ಹಾಕಲಿಲ್ಲ. ಮೊದಲಿಂದ ಓದಿ ನಾಣ್ಯ ಬಿಟ್ಟ.

ಎರಡೂ ಅಂಕಿ.

"ಚಾಪೆ ಸುಕ್ಕಾಗಿದೆ," ಎಂದ ಬುನ್‌ಹ್ಯಾಂಗ್. "ಇನ್ನೊಂದ್ಸಲ."

ಗಿಮ್ ಅಜ್ಜಿ ಚಾಪೆಯನ್ನು ಅಂಗೈಯಿಂದ ನೀವಿ ಸರಿಮಾಡಿದಳು. ತೆಕ್ ಮತ್ತೆ ಬಿಟ್ಟ. ಒಂದು ನಾಣ್ಯ ಅಲ್ಲೇ ಬಿತ್ತು. ಇನ್ನೊಂದು ಗುಂಡಗೆ ಉರುಳಿ ಪೆಟ್ಟಿಗೆಯ ಕಾಲಿಗೆ ತಾಗಿ ಮಲಗಿತು.

ಎರಡೂ ಅಂಕಿ.



*

ದೋಣಿಯಿಂದ ಬಿದ್ದು ಸತ್ತ ಇಂಡೊನೇಷ್ಯಾದ ಕೆಲಸಗಾರನೊಬ್ಬನ ಸುದ್ದಿ ಬರೆದಾಗ ತೆಕ್ ಒಂದೇ ಪ್ಯಾರಾ ಬರೆದಿದ್ದ. ಪೊಲೀಸರ ಕಾಗದದಲ್ಲಿದ್ದುದೇ ಅಷ್ಟು: ಹೆಸರು ರಸ್ಮಾನ್, ವಯಸ್ಸು ಇಪ್ಪತ್ನಾಲ್ಕು, ಕಾಲು ಜಾರಿ ಸಾವು.

"ಯಾರಿಗೆ ಓದಿ ಹೇಳಿದೆ?" ಎಂದು ಬಿಹುನ್ ಕೇಳಿದಳು.

"ಸತ್ತಿದಾನಲ್ಲ ಅಕ್ಕ."

"ಅವನ ಅಮ್ಮ ಸತ್ತಿದಾಳಾ?"

ಮುದುಕರೊಬ್ಬರನ್ನು ನೋಡಿಕೊಳ್ಳಲು ಊರಿಗೆ ಬಂದಿದ್ದ ಯೂನಿ ಎಂಬಾಕೆ ರಸ್ಮಾನನ ಭಾಷೆ ಬಲ್ಲವಳು. ಅವಳನ್ನು ಕೂರಿಸಿಕೊಂಡು, ಜಾವಾದ ಯಾವುದೋ ಹಳ್ಳಿಗೆ ಫೋನು ಮಾಡಿ, ಬಿಹುನ್ ಆ ಪ್ಯಾರಾವನ್ನು ಒಂದೊಂದೇ ವಾಕ್ಯವಾಗಿ ಓದಿದಳು. ಯೂನಿ ಒಂದೊಂದೇ ವಾಕ್ಯವಾಗಿ ಹೇಳಿದಳು. ವಯಸ್ಸಿನ ಹತ್ತಿರ ಬಂದಾಗ ಆ ಕಡೆಯಿಂದ ತಾಯಿ ಮಾತು ತಡೆದಳು. ಅವಳು ಕೇಳಿದ ಪ್ರಶ್ನೆಯನ್ನು ಯೂನಿ ತಲೆ ತಗ್ಗಿಸಿಕೊಂಡು ಹೇಳಿದಳು.

"ಅವನಿಗೆ ಹದಿನೇಳು. ಉಳಿದ ಏಳು ವರ್ಷ ಅವನಿಗೆ ಯಾರು ಕೊಟ್ರು ಅಂತ ಕೇಳ್ತಿದಾರೆ."

ಕೊಟ್ಟವನು ದಲ್ಲಾಳಿ. ಚಿಕ್ಕವರನ್ನು ಹಡಗಿಗೆ ಹಾಕಲು ಅವನು ಪಾಸ್‌ಪೋರ್ಟುಗಳಲ್ಲಿ ವರ್ಷ ಕೂಡಿಸುತ್ತಿದ್ದ. ಒಂದು ಪ್ಯಾರಾ ಆರು ಸಂಚಿಕೆಗಳ ವರದಿಯಾಯಿತು. ದೋಣಿ ಮಾಲೀಕರು ಜಾಹೀರಾತು ನಿಲ್ಲಿಸಿದರು, ಅವರಲ್ಲಿ ಕೆಲವರು ಬುನ್‌ಹ್ಯಾಂಗ್‌ನಿಂದ ಮಂಜುಗಡ್ಡೆ ಕೊಳ್ಳುವುದನ್ನೂ ನಿಲ್ಲಿಸಿದರು. ಅವನು ಆ ದಿನ ಕಚೇರಿಗೆ ಬಂದು ಮೇಜು ಗುದ್ದಿದ.

"ಹದಿನೇಳೋ ಇಪ್ಪತ್ನಾಲ್ಕೋ, ಸತ್ತೋನಿಗೆ ಏನು ವ್ಯತ್ಯಾಸ ಅಕ್ಕ?"

ಬಿಹುನ್ ಕನ್ನಡಕ ತೆಗೆದು ಒರೆಸಿಕೊಂಡಳು. "ಅವನ ಅಮ್ಮ ಎಣಿಸಿದಾಳೆ, ಬುನ್‌ಹ್ಯಾಂಗ್. ಒಂದೊಂದೂ ಎಣಿಸಿದಾಳೆ."

ಬುನ್‌ಹ್ಯಾಂಗ್ ಬೈದುಕೊಂಡೇ ಹೋದ. ಆದರೆ ರಸ್ಮಾನನ ದೇಹವನ್ನು ಊರಿಗೆ ಕಳಿಸುವವರೆಗೆ ಬೇಕಾದ ಮಂಜುಗಡ್ಡೆಯನ್ನು ತಾನೇ ಹೊತ್ತು ತಂದ. ಅದನ್ನು ಮಾತ್ರ ಬರೆಯಕೂಡದೆಂದ. ಬರೆಯುತ್ತೇನೆ, ಬೇಕಾದರೆ ನಿನಗೆ ಓದಿ ಹೇಳುತ್ತೇನೆ ಎಂದಳು ಬಿಹುನ್. ಆ ಸಂಚಿಕೆಯಲ್ಲಿ ಅದು ಇತ್ತು. 'ಇದನ್ನು ಬರೆಯಬೇಡಿ ಎಂದರು' ಎಂಬುದೂ ಇತ್ತು.

*

ಪುರೋಹಿತ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿದ. ಇನ್ನು ತಡ ಮಾಡುವಂತಿರಲಿಲ್ಲ. ತೆಕ್ ಹಾಳೆಯನ್ನು ಮಡಿಸಲೂ ಆಗದೆ, ಹಿಡಿಯಲೂ ಆಗದೆ ಕೂತಿದ್ದ. ಒಪ್ಪಿಗೆ ಸಿಗದಿದ್ದರೆ ಮೊದಲ ಪುಟ ಖಾಲಿ ಹೋಗುತ್ತದೆ. ಅವನು ಆಗಲೇ ಅದನ್ನು ನಿರ್ಧರಿಸಿಬಿಟ್ಟಿದ್ದ.

ಬುನ್‌ಹ್ಯಾಂಗ್ ಪೆಟ್ಟಿಗೆಯ ಕಾಲಿನ ಬಳಿ ಬಿದ್ದಿದ್ದ ನಾಣ್ಯವನ್ನು ನೋಡುತ್ತ ನಿಂತಿದ್ದ. ಆಮೇಲೆ ಬಗ್ಗಿ ಎರಡನ್ನೂ ತಾನೇ ಎತ್ತಿಕೊಂಡ. ಹಾಳೆಯನ್ನು ಕೇಳಲಿಲ್ಲ. ಮಂಡಿಯೂರಿ ಅಕ್ಕನ ಮುಖದ ಹತ್ತಿರಕ್ಕೆ ಬಾಗಿದ. ಚಿಕ್ಕವನಿದ್ದಾಗ ಏನಾದರೂ ಬೇಡುವಾಗ ಹೀಗೇ ಬಾಗುತ್ತಿದ್ದನೋ ಏನೋ. ಗಿಮ್ ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡಳು.

"ಅಕ್ಕಾ," ಎಂದ. ನಾಣ್ಯಗಳನ್ನು ಅಂಗೈಯಲ್ಲಿ ಕುಲುಕಿದ. "ಐವತ್ತೆಂಟು ಸಾಕಾ ನಿನಗೆ?"

ನಾಣ್ಯಗಳು ಚಾಪೆಯ ಮೇಲೆ ಬಿದ್ದವು.

ಒಂದು ಮುಖ. ಒಂದು ಅಂಕಿ.

ಹೆಂಗಸರ ಸಾಲಿನಿಂದ ಉಸಿರೊಂದು ಹೊರಟಿತು. ತೆಕ್ ಅರವತ್ತೊಂದರ ಮೇಲೆ ಗೆರೆ ಎಳೆದು ಮತ್ತೆ ಐವತ್ತೆಂಟು ಎಂದು ಬರೆದು, ಈ ಸಲ ಸಹಿ ಹಾಕಿದ.

"ನಂಬಿದ್ಯಾ ತೆಕ್?" ಎಂದಳು ಗಿಮ್ ಅಜ್ಜಿ ಮೆಲ್ಲಗೆ.

"ಅರ್ಧಕ್ಕರ್ಧ ಹಾಗೇ ಬೀಳುತ್ತೆ ಅಜ್ಜಿ."

"ಗೊತ್ತು. ಅಂಗಡಿ ಲೆಕ್ಕ ನಂಗೂ ಬರುತ್ತೆ. ಹೋಗು, ಅಚ್ಚಿಗೆ ಕೊಡು."

ಬುನ್‌ಹ್ಯಾಂಗ್ ಅಕ್ಕನ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಜೇಬಿಗಿಟ್ಟುಕೊಂಡ. ಮುಚ್ಚಳ ಬರುವಾಗ ರೂಢಿಯಂತೆ ಎಲ್ಲರೂ ಬೆನ್ನು ತಿರುಗಿಸಿ ನಿಂತರು. ನೆರಳು ಒಳಗೆ ಸಿಕ್ಕಿಕೊಳ್ಳಬಾರದು. ತೆಕ್ ಕೂಡ ತಿರುಗಿದ. ಮೊಳೆಯ ಮೇಲೆ ಸುತ್ತಿಗೆ ಬಿದ್ದ ಸದ್ದು ಮಾತ್ರ ಕೇಳಿಸಿತು.

ಮೆರವಣಿಗೆ ಹೊರಟಿತು. ಮುಂದೆ ಕಹಳೆ, ಹಿಂದೆ ಬಾಡಿಗೆಯ ಹೂವಿನ ವ್ಯಾನು, ಅದರ ಹಿಂದೆ ಮಾರುಕಟ್ಟೆಗೆ ಮಾರುಕಟ್ಟೆಯೇ. ಸಿಂಪಿ ಒಡೆಯುವ ಮಾಡುಗಳು ಆ ದಿನ ಮುಚ್ಚಿದ್ದವು. ಯೂನಿ ತಾನು ನೋಡಿಕೊಳ್ಳುವ ಮುದುಕರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದಳು. ಕಾರ್ಖಾನೆಯ ಹಳೆಯ ವ್ಯವಸ್ಥಾಪಕ, ಈಗ ನಿವೃತ್ತ, ಅಂಗಡಿಯೊಂದರ ಮಾಡಿನ ಕೆಳಗೆ ಟೋಪಿ ತೆಗೆದು ನಿಂತಿದ್ದ. ಬುನ್‌ಹ್ಯಾಂಗ್ ಅಕ್ಕನ ಫೋಟೊ ಎದೆಗೆ ಹಿಡಿದು ಮುಂದೆ ನಡೆಯುತ್ತಿದ್ದ.

ಗಲ್ಲಿಯ ತುದಿಯಲ್ಲಿ ಅವನು ನಿಂತುಬಿಟ್ಟ. ಹಿಂದಿನವರೆಲ್ಲ ಒಬ್ಬರಿಗೊಬ್ಬರು ತಾಗಿ ನಿಂತರು. ಕಹಳೆಯವರು ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡಿ, ಊದುವುದನ್ನು ನಿಲ್ಲಿಸಿದರು.

"ಹಿಡ್ಕೋ ಅಜ್ಜಿ," ಎಂದು ಫೋಟೊವನ್ನು ಗಿಮ್ ಅಜ್ಜಿಯ ಕೈಗೆ ಕೊಟ್ಟ. "ತೆಕ್, ಪೆನ್ನು ಕೊಡು."

ಕಂಬಕ್ಕೆ ಕಟ್ಟಿದ ಬಿಳಿ ಬೋರ್ಡಿನ ಮೇಲೆ ಸಮುದ್ರದ ತೇವ ಕೂತಿತ್ತು. ಪೆನ್ನು ಮೊದಲು ಜಾರಿತು. ಬುನ್‌ಹ್ಯಾಂಗ್ ತೋಳಿನಿಂದ ಬೋರ್ಡು ಒರೆಸಿ, ಬಾಯಿಂದ ಊದಿ ಒಣಗಿಸಿದ. ಮತ್ತೆ ಪೆನ್ನು ಊರಿ, ಅರವತ್ತೊಂದರ ಮೇಲೆ ಒಂದೇ ಗೆರೆ ಎಳೆದು, ಮೇಲೆ ಐವತ್ತೆಂಟು ಎಂದು ಬರೆದ. ಪಕ್ಕದಲ್ಲಿ ಸಹಿ ಹಾಕಿದ. ಗೆರೆಯ ಕೆಳಗೆ ಅರವತ್ತೊಂದು ಹಾಗೇ ಓದಲು ಸಿಗುತ್ತಿತ್ತು.